ನ್ಯಾನೋ ಬಾಟಲಿ ಕೊಡಗಿಗೆ ಬಂತು, ಪಾಠ ಎಲ್ಲಿ ಹೋಯಿತು?

ಮಾನ್ಯ ಸಂಪಾದಕರೇ,

ಕಾಫಿ ಹೂವಾದ ನಂತರದ ಗೊಬ್ಬರ ತರಲು ಹೋದ ನಮ್ಮ ಊರಿನ ಹಲವರಿಗೆ ಈ ವರ್ಷ ಅಂಗಡಿಯಲ್ಲಿ ಒಂದೇ ಮಾತು ಕೇಳಿಬಂತು. ಯೂರಿಯಾ ಮೂಟೆ ಬೇಕಾದರೆ ಜೊತೆಗೆ ನ್ಯಾನೋ ಯೂರಿಯಾ ಬಾಟಲಿಯನ್ನೂ ತಗೊಳ್ಳಬೇಕು. ನಮ್ಮ ಮನೆಗೂ ಹಾಗೆಯೇ ಬಂತು. ಹೀಗೆ ಒತ್ತಾಯದಿಂದ ಸೇರಿಸಿ ಮಾರಬಾರದು ಎಂದು ಸರ್ಕಾರವೇ ಹೇಳಿದೆ. ಅದರ ಬಗ್ಗೆ ಬೇರೆಯವರು ಬರೆಯುತ್ತಾರೆ. ನಾನು ಬರೆಯುತ್ತಿರುವುದು ಬಾಟಲಿ ಮನೆಗೆ ಬಂದ ಮೇಲಿನ ವಿಷಯ. ಅಕ್ಕಪಕ್ಕದ ತೋಟದವರು ಒಬ್ಬೊಬ್ಬರಾಗಿ ಬಂದು ಕೇಳಿದರು: "ಮೇಡಂ, ನೀವು ಕೆಮಿಸ್ಟ್ರಿ ಪಾಠ ಮಾಡಿದವರಲ್ವಾ? ಈ ನ್ಯಾನೋ ಅಂದ್ರೆ ಏನು? ಇದನ್ನ ಬುಡಕ್ಕೆ ಹಾಕೋದಾ, ಎಲೆಗೆ ಹೊಡೆಯೋದಾ?"

ಅದು ಎಲೆಗೆ ಹೊಡೆಯುವ ದ್ರವ. ಒಬ್ಬರು ಆಗಲೇ ನೀರಿಗೆ ಬೆರೆಸಿ ಬುಡಕ್ಕೆ ಸುರಿದು ಬಂದಿದ್ದರು.

ಕೇಳಲು ಬಂದವರ ಮಕ್ಕಳಲ್ಲಿ ಕೆಲವರು ಈಗ ಪಿಯುಸಿ ವಿಜ್ಞಾನ ಓದುತ್ತಿದ್ದಾರೆ. ಮನೆಯಲ್ಲೇ ವಿಜ್ಞಾನ ಓದುವ ಮಗು ಇದ್ದರೂ ಅಪ್ಪ ಅಮ್ಮ ಆ ಪ್ರಶ್ನೆಯನ್ನು ನನ್ನ ಹತ್ತಿರ ತಂದರು. ಮಕ್ಕಳದ್ದು ಏನೂ ತಪ್ಪಿಲ್ಲ. ಅವರ ಪುಸ್ತಕದಲ್ಲಿ ಆ ಪಾಠವೇ ಈಗ ಇಲ್ಲ.

ದ್ವಿತೀಯ ಪಿಯುಸಿ ರಸಾಯನಶಾಸ್ತ್ರದಲ್ಲಿ ಮೊದಲು 'ಸರ್ಫೇಸ್ ಕೆಮಿಸ್ಟ್ರಿ' ಎಂಬ ಅಧ್ಯಾಯ ಇತ್ತು. ಅದರೊಳಗೆ ಕಲಾಯ್ಡ್‌ಗಳ ಭಾಗ. ನೀರಿನಲ್ಲಿ ಪೂರ್ತಿ ಕರಗದ, ಆದರೆ ತಳಕ್ಕೂ ಇಳಿಯದ ಸಣ್ಣ ಕಣಗಳ ಬಗ್ಗೆ ಅಲ್ಲಿ ಓದುತ್ತಿದ್ದರು. ಆ ಕಣಗಳ ಗಾತ್ರ 1ರಿಂದ 1000 ನ್ಯಾನೋಮೀಟರ್ ಒಳಗೆ ಎಂದು ಬರೆಸುತ್ತಿದ್ದೆವು. ಹಾಲು, ಮಂಜು, ಚಿನ್ನದ ಕಲಾಯ್ಡ್, ಬೆಳಕು ಹಾಯಿಸಿದರೆ ಅದರ ದಾರಿ ಕಾಣುವ ಟಿಂಡಾಲ್ ಪರಿಣಾಮ, ಎಲ್ಲ ಅದರಲ್ಲೇ. ಕೊರೊನಾ ನಂತರ ಪಠ್ಯಪುಸ್ತಕ ರೂಪಿಸುವ ಕೇಂದ್ರದ ಸಂಸ್ಥೆ ಎನ್‌ಸಿಇಆರ್‌ಟಿ ಪಠ್ಯದ ಹೊರೆ ಇಳಿಸಲು ಹೊರಟಿತು. ಆಗ 12ನೇ ತರಗತಿಯ ಪುಸ್ತಕದಿಂದ ಈ ಅಧ್ಯಾಯ ಪೂರ್ತಿ ಹೋಯಿತು. ಪಾಲಿಮರ್‌ಗಳ ಅಧ್ಯಾಯ, ದಿನನಿತ್ಯದ ಬದುಕಿನ ರಸಾಯನಶಾಸ್ತ್ರದ ಅಧ್ಯಾಯ ಕೂಡ ಹೋದವು. ನಮ್ಮ ಪಿಯು ಕಾಲೇಜುಗಳ ವಿಜ್ಞಾನ ಪಠ್ಯವೂ ಅದೇ ಪುಸ್ತಕದ್ದು. ಹಾಗಾಗಿ ಇಲ್ಲೂ ಹೋಯಿತು.

ಮಕ್ಕಳ ಹೊರೆ ಇಳಿಯಬೇಕು ಎನ್ನುವುದನ್ನು ನಾನು ಒಪ್ಪುತ್ತೇನೆ. ನೀಟ್, ಸಿಇಟಿ ಎಂದು ಹಗಲು ರಾತ್ರಿ ಒದ್ದಾಡುವ ಮಕ್ಕಳನ್ನು ಕಣ್ಣಾರೆ ನೋಡಿದ್ದೇನೆ. ಆದರೆ ಹೊಲಕ್ಕೆ, ಆಸ್ಪತ್ರೆಗೆ, ಅಡುಗೆಮನೆಯ ನೀರಿನ ಫಿಲ್ಟರ್‌ಗೆ ನ್ಯಾನೋ ಕಣಗಳು ಬಂದ ಹೊತ್ತಿನಲ್ಲೇ ಅವುಗಳ ಮೊದಲ ಪಾಠ ಪುಸ್ತಕದಿಂದ ಹೋಗಿದೆ. ನನಗೆ ಬೇಸರ ಆಗುವುದು ಇದಕ್ಕೆ.

ವಿಷಯ ಏನೂ ಕಷ್ಟದ್ದಲ್ಲ. ಒಂದು ಮೀಟರ್ ಅನ್ನು ನೂರು ಕೋಟಿ ಭಾಗ ಮಾಡಿದರೆ ಒಂದು ಭಾಗ ಒಂದು ನ್ಯಾನೋಮೀಟರ್. ನಮ್ಮ ತಲೆಗೂದಲಿನ ದಪ್ಪ ಸುಮಾರು 80,000ದಿಂದ 1 ಲಕ್ಷ ನ್ಯಾನೋಮೀಟರ್. ಸಾಮಾನ್ಯವಾಗಿ 1ರಿಂದ 100 ನ್ಯಾನೋಮೀಟರ್ ಗಾತ್ರದ ಕಣವನ್ನು ನ್ಯಾನೋ ಕಣ ಎನ್ನುತ್ತಾರೆ. ಅಷ್ಟು ಸಣ್ಣದಾದರೆ ಏನು ವಿಶೇಷ? ಅದೇ ವಸ್ತು, ಆದರೆ ಗುಣ ಬೇರೆ ಆಗುತ್ತದೆ. ಒಂದು ಕಾರಣ ಮೇಲ್ಮೈ. ಇದನ್ನು ತರಗತಿಯಲ್ಲಿ ನಾನು ಕಾಫಿಯಿಂದಲೇ ಹೇಳುತ್ತಿದ್ದೆ. ಹುರಿದ ಬೀಜವನ್ನು ಹಾಗೇ ಬಿಸಿನೀರಿಗೆ ಹಾಕಿದರೆ ಡಿಕಾಕ್ಷನ್ ಇಳಿಯಲ್ಲ, ಪುಡಿ ಮಾಡಿ ಹಾಕಿದರೆ ಇಳಿಯುತ್ತದೆ. ನೀರಿಗೆ ತಾಗುವ ಜಾಗ ಜಾಸ್ತಿ ಆಯಿತು, ಅಷ್ಟೇ.

ಆಮೇಲೆ ಬೋರ್ಡ್ ಮೇಲೆ ಲೆಕ್ಕ ಮಾಡಿಸುತ್ತಿದ್ದೆ. ಒಂದು ಸೆಂಟಿಮೀಟರ್ ಉದ್ದ, ಅಗಲ, ಎತ್ತರದ ಒಂದು ತುಂಡು ತಗೊಳ್ಳಿ. ಅದರ ಆರು ಮುಖ ಸೇರಿ 6 ಚದರ ಸೆಂಟಿಮೀಟರ್. ಅದನ್ನೇ ಒಂದೊಂದು ನ್ಯಾನೋಮೀಟರ್ ತುಂಡುಗಳಾಗಿ ಕತ್ತರಿಸಿ ಎಲ್ಲದರ ಮುಖ ಕೂಡಿಸಿದರೆ 6,000 ಚದರ ಮೀಟರ್. ಅಂದರೆ ಹತ್ತಿರ ಹತ್ತಿರ ಒಂದೂವರೆ ಎಕರೆ! ಬೆರಳ ತುದಿಯಲ್ಲಿ ಹಿಡಿಯುವ ತುಂಡಿನೊಳಗೆ ಒಂದೂವರೆ ಎಕರೆ ಇದೆ ಎಂದಾಗ ತೋಟದ ಮನೆಯ ಮಕ್ಕಳ ಕಣ್ಣು ಅರಳುತ್ತಿತ್ತು. ಎಕರೆ ಅಂದರೆ ಎಷ್ಟು ಎಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಇನ್ನೊಂದು ಕಾರಣ ಬೆಳಕಿನದು. ನಾವು ನೋಡಿದ ಚಿನ್ನ ಹಳದಿ. 20 ನ್ಯಾನೋಮೀಟರ್ ಆಸುಪಾಸಿನ ಚಿನ್ನದ ಕಣಗಳು ನೀರಿನಲ್ಲಿದ್ದರೆ ಆ ನೀರು ಮಾಣಿಕ್ಯದ ಹಾಗೆ ಕೆಂಪು. ಮೈಕೆಲ್ ಫ್ಯಾರಡೆ 1857ರಲ್ಲೇ ಈ ಕೆಂಪು ಚಿನ್ನದ ಬಗ್ಗೆ ಬರೆದಿದ್ದರು. ಅದೇ ಕೆಂಪು ನಮ್ಮ ಹಳ್ಳಿಗಳಿಗೂ ಬಂದಿದೆ. ಬಸುರಿ ಹೌದೋ ಅಲ್ಲವೋ ನೋಡುವ ಪಟ್ಟಿಯಲ್ಲಿ ಮೂಡುವ ಗೆರೆ, 2021ರಲ್ಲಿ ಕೊರೊನಾ ರ‍್ಯಾಪಿಡ್ ಕಿಟ್‌ನಲ್ಲಿ ಮೂಡಿದ ಗೆರೆ, ಬಹಳಷ್ಟು ಕಿಟ್‌ಗಳಲ್ಲಿ ಚಿನ್ನದ ನ್ಯಾನೋ ಕಣಗಳೇ. ಕಣಕ್ಕೆ ಪ್ರತಿಕಾಯ ಅಂಟಿಸಿರುತ್ತಾರೆ. ಹುಡುಕುವ ವಸ್ತು ಸಿಕ್ಕರೆ ಕಣಗಳು ಆ ಗೆರೆಯ ಜಾಗದಲ್ಲಿ ಬಂದು ಸೇರುತ್ತವೆ, ಗೆರೆ ಕೆಂಪಾಗಿ ಕಾಣುತ್ತದೆ. ಮಳೆಯಲ್ಲಿ ತೋಟದ ಕೆಲಸದವರ ಲೈನ್ ಮನೆಗಳ ಬಾಗಿಲಿಗೆ ಹೋಗಿ ಆ ಪರೀಕ್ಷೆ ಮಾಡಿದ ಆಶಾ ಕಾರ್ಯಕರ್ತೆಯರಿಗೆ ಇದನ್ನು ಯಾರೂ ಹೇಳಲಿಲ್ಲ. ಹೇಳಿದ್ದರೆ ಎಷ್ಟು ಹೆಮ್ಮೆ ಪಡುತ್ತಿದ್ದರು!

ಅದೇ ವರ್ಷ ಕಪ್ಪು ಶಿಲೀಂಧ್ರದ ಕಾಯಿಲೆಗೆ ಲೈಪೋಸೋಮಲ್ ಆಂಫೊಟೆರಿಸಿನ್ ಎಂಬ ಔಷಧಿ ಸಿಗದೆ ಜನ ಊರೂರು ಅಲೆದಿದ್ದು ನೆನಪಿರಬಹುದು. ಮಾಮೂಲು ಆಂಫೊಟೆರಿಸಿನ್ ಕಿಡ್ನಿಗೆ ಪೆಟ್ಟು ಕೊಡುತ್ತದೆ. ಅದನ್ನು ಕೊಬ್ಬಿನ ಪದರದ ಸಣ್ಣ ಗುಳ್ಳೆಗಳಲ್ಲಿ ಇಟ್ಟು ಕೊಟ್ಟರೆ ಆ ಪೆಟ್ಟು ಕಡಿಮೆ. ಆ ಗುಳ್ಳೆಗಳ ಗಾತ್ರ 100 ನ್ಯಾನೋಮೀಟರಿಗೂ ಕಡಿಮೆ. ಎಂಆರ್‌ಎನ್‌ಎ ಲಸಿಕೆಗಳೂ ಇಂಥದ್ದೇ ಕೊಬ್ಬಿನ ನ್ಯಾನೋ ಕಣಗಳ ಒಳಗೆ ಕೂತು ದೇಹ ಸೇರಿದವು. ನ್ಯಾನೋ ತಂತ್ರಜ್ಞಾನ ಯಾವುದೋ ದೂರದ ಲ್ಯಾಬಿನ ಮಾತು ಎಂದುಕೊಂಡವರಿಗೆ ಇಷ್ಟು ಸಾಕು.

ಈಗ ಬಾಟಲಿಯ ವಿಷಯಕ್ಕೆ ಬರುತ್ತೇನೆ. ನ್ಯಾನೋ ಯೂರಿಯಾ 2021ರಲ್ಲಿ ದೇಶದ ಮಾರುಕಟ್ಟೆಗೆ ಬಂತು. 500 ಮಿಲಿ ಬಾಟಲಿ ಒಂದು 45 ಕೆಜಿ ಯೂರಿಯಾ ಮೂಟೆಗೆ ಸಮ ಎಂದು ಪ್ರಚಾರ ಆಯಿತು. ಹತ್ತನೇ ತರಗತಿಯ ಲೆಕ್ಕ ಮಾಡಿ ನೋಡೋಣ. ಯೂರಿಯಾದಲ್ಲಿ ಸಾರಜನಕ ಶೇ 46. ಹಾಗಾದರೆ ಮೂಟೆಯಲ್ಲಿ 20.7 ಕೆಜಿ ಸಾರಜನಕ. ಮೊದಲು ಬಂದ ಬಾಟಲಿಯಲ್ಲಿ ಸಾರಜನಕ ಶೇ 4. ಅಂದರೆ 500 ಮಿಲಿಯಲ್ಲಿ 20 ಗ್ರಾಂ. ಒಂದು ಕಡೆ 20 ಕೆಜಿ, ಇನ್ನೊಂದು ಕಡೆ 20 ಗ್ರಾಂ. ಆಮೇಲೆ ಸಾರಜನಕ ಜಾಸ್ತಿ ಇರುವ ಬಾಟಲಿಯೂ ಬಂದಿದೆ. ಅದು ಶೇ 20 ಎಂದೇ ಇಟ್ಟುಕೊಂಡರೂ 100 ಗ್ರಾಂ ಆಯಿತು.

ಮಣ್ಣಿಗೆ ಹಾಕಿದ ಯೂರಿಯಾದಲ್ಲಿ ಅರ್ಧಕ್ಕೂ ಜಾಸ್ತಿ ಗಿಡಕ್ಕೆ ಸಿಗದೆ ಹೋಗುತ್ತದೆ ಎನ್ನುವುದು ನಿಜ. ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ, ನೈಟ್ರೇಟ್ ಆಗಿ ನೀರಿನ ಜೊತೆ ಕೆಳಗೆ ಇಳಿಯುತ್ತದೆ. ನಮ್ಮ ಮಳೆಗಂತೂ ಕೇಳುವುದೇ ಬೇಡ. ಆದರೂ ಮೂರರಲ್ಲಿ ಒಂದು ಪಾಲು ಸಿಕ್ಕರೂ ಆರು ಏಳು ಕೆಜಿ ಆಯಿತು. 20 ಗ್ರಾಂ ಆ ಜಾಗವನ್ನು ಹೇಗೆ ತುಂಬುತ್ತದೆ? ಗಿಡ ತನ್ನ ಪ್ರೋಟೀನಿಗೆ ಬೇಕಾದ ಸಾರಜನಕವನ್ನು ತೂಕದ ಲೆಕ್ಕದಲ್ಲೇ ಕೇಳುತ್ತದೆ. ಕಣ ಎಷ್ಟೇ ಸಣ್ಣದಾದರೂ ಅದರೊಳಗಿನ ಸಾರಜನಕ ಹೆಚ್ಚಾಗಲ್ಲ.

ಇನ್ನೊಂದು ಪ್ರಶ್ನೆಯೂ ನನಗೆ ಬರುತ್ತದೆ. ಯೂರಿಯಾ ನೀರಿನಲ್ಲಿ ಚೆನ್ನಾಗಿ ಕರಗುವ ವಸ್ತು. ಒಂದು ಲೀಟರ್ ನೀರಿನಲ್ಲಿ ಒಂದು ಕೆಜಿಗೂ ಜಾಸ್ತಿ ಕರಗುತ್ತದೆ. ಕರಗಿದ ಮೇಲೆ ಅದು ಅಣು ಅಣುವಾಗಿ ಬಿಡಿಸಿಕೊಳ್ಳುತ್ತದೆ, ಕಣ ಉಳಿಯಲ್ಲ. ಹಾಗಾದರೆ ಬಾಟಲಿಯ ನೀರಿನಲ್ಲಿ ಇರುವ ಕಣ ಯಾವುದು, ಅದನ್ನು ಯಾವ ಹೊದಿಕೆ ಹಿಡಿದಿಟ್ಟಿದೆ, ಎಲೆಯೊಳಗೆ ಅದು ಎಷ್ಟು ಹೊತ್ತಿನಲ್ಲಿ ಬಿಡುತ್ತದೆ? ಕಲಾಯ್ಡ್ ಪಾಠ ಓದಿದ ವಿದ್ಯಾರ್ಥಿ ಈ ಪ್ರಶ್ನೆಯನ್ನು ತಾನಾಗಿಯೇ ಕೇಳುತ್ತಾನೆ. ಪಾಠ ಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಭಾರತೀಯ ಕೃಷಿ ಸಂಶೋಧನಾ ಮಂಡಳಿ (ಐಸಿಎಆರ್) ಕಡೆಯ ಪ್ರಯೋಗಗಳಲ್ಲಿ ಇಳುವರಿ ಕಡಿಮೆ ಆಗದೆ ಯೂರಿಯಾ ಉಳಿಯಿತು ಎಂಬ ವರದಿ ಬಂದಿದೆ. ಪಂಜಾಬ್ ಕೃಷಿ ವಿಶ್ವವಿದ್ಯಾಲಯದವರು ಎರಡು ವರ್ಷ ಮಾಡಿದ ಪ್ರಯೋಗದಲ್ಲಿ ಗೋಧಿ ಇಳುವರಿ ಶೇ 21.6, ಭತ್ತದ್ದು ಶೇ 13 ಕಡಿಮೆ ಬಂತು. ತಯಾರಕರು ಅದನ್ನು ಒಪ್ಪಲಿಲ್ಲ. ವಿಜ್ಞಾನದಲ್ಲಿ ಇಂಥ ಜಗಳ ಸಹಜ, ಒಳ್ಳೆಯದೂ ಹೌದು. ಆದರೆ ಇವೆಲ್ಲ ಗದ್ದೆ ಬೆಳೆಗಳು. ಕಾಫಿ ಹತ್ತಾರು ವರ್ಷ ನಿಲ್ಲುವ ಗಿಡ. ನೆರಳಿನಡಿ ಬೆಳೆಯುವ ಗಿಡ. ಕಾಫಿ ಎಲೆಯ ಉಸಿರಾಟದ ರಂಧ್ರಗಳೆಲ್ಲ ಎಲೆಯ ಅಡಿಭಾಗದಲ್ಲಿ ಇರುತ್ತವೆ, ಮೇಲೆ ಮೇಣದ ಹೊಳಪು. ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ನಮ್ಮ ಕೆಲಸದವರಿಗೆ ಇದು ಚೆನ್ನಾಗಿ ಗೊತ್ತು. ಎಲೆಯ ಅಡಿಗೆ ಬೀಳುವ ಹಾಗೆ ಗನ್ ತಿರುಗಿಸಿ ಹೊಡೆಯುತ್ತಾರೆ. ಹಾಗಿರುವಾಗ ಸಿಲ್ವರ್ ಮರ, ಹಾಲುವಾಣದ ತಲೆಯ ಮೇಲಿಂದ ಡ್ರೋನ್‌ನಲ್ಲಿ ಹೊಡೆದರೆ ಎಷ್ಟು ಹನಿ ಕಾಫಿ ಎಲೆಯ ಅಡಿಗೆ ತಲುಪುತ್ತದೆ? ಹೊಡೆದ ಸಂಜೆಯೇ ಮಳೆ ಬಂದರೆ ಎಷ್ಟು ಉಳಿಯುತ್ತದೆ? ಗೋಧಿಯ ಲೆಕ್ಕದಿಂದ ಇದಕ್ಕೆ ಉತ್ತರ ಸಿಗಲ್ಲ. ಇಲ್ಲಿಯೇ, ಇಲ್ಲಿನ ಮಳೆಯಲ್ಲೇ ಅಳೆದು ನೋಡಬೇಕು.

ನಾನು ನ್ಯಾನೋ ತಂತ್ರಜ್ಞಾನದ ವಿರೋಧಿ ಅಲ್ಲ. ನಾನು ಕಲಿಸಿದ ವಿಷಯಗಳಲ್ಲಿ ಇಷ್ಟು ಆಸೆ ಹುಟ್ಟಿಸಿದ್ದು ಬೇರೆ ಇಲ್ಲ. 1959ರ ಡಿಸೆಂಬರ್ 29ರಂದು ರಿಚರ್ಡ್ ಫೈನ್‌ಮನ್ ಒಂದು ಭಾಷಣದಲ್ಲಿ, ಪರಮಾಣುಗಳನ್ನು ಒಂದೊಂದಾಗಿ ನಮಗೆ ಬೇಕಾದ ಕಡೆ ಇಡಲು ಆಗುವುದಾದರೆ ಏನೆಲ್ಲ ಮಾಡಬಹುದು ಎಂದು ಕೇಳಿದ್ದರು. 1981ರಲ್ಲಿ ಬಿನಿಗ್ ಮತ್ತು ರೋರರ್ ಪರಮಾಣುಗಳನ್ನು ಕಾಣಿಸುವ ಸೂಕ್ಷ್ಮದರ್ಶಕ ಮಾಡಿದರು. 1989ರಲ್ಲಿ ಐಬಿಎಂನಲ್ಲಿ 35 ಝೆನಾನ್ ಪರಮಾಣುಗಳನ್ನು ಸಾಲಾಗಿ ಇಟ್ಟು ಮೂರು ಅಕ್ಷರ ಬರೆದರು. ಮೂವತ್ತೇ ವರ್ಷದಲ್ಲಿ ಕೇಳಿದ್ದು ಕಣ್ಣೆದುರು ಬಂತು.

ನಮ್ಮ ರಾಜ್ಯದಲ್ಲೇ ಈ ಕೆಲಸಕ್ಕೆ ದೊಡ್ಡ ನೆಲೆ ಇದೆ. ಸಿ.ಎನ್.ಆರ್. ರಾವ್ ಅವರು ಕಟ್ಟಿ ಬೆಳೆಸಿದ ಜಕ್ಕೂರಿನ ಜವಾಹರಲಾಲ್ ನೆಹರೂ ಸಂಶೋಧನಾ ಕೇಂದ್ರ 1989ರಿಂದ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನ್ಯಾನೋ ವಿಜ್ಞಾನಕ್ಕೇ ಒಂದು ಕೇಂದ್ರ ಇದೆ. ಬೆಂಗಳೂರಿನ ಹೊರವಲಯದ ಶಿವನಪುರದಲ್ಲಿ ಇನ್ನೊಂದು ಕೇಂದ್ರ ಇದೆ. 2007ರಲ್ಲಿ ಕೇಂದ್ರ ಸರ್ಕಾರ 1,000 ಕೋಟಿ ರೂಪಾಯಿಯ ನ್ಯಾನೋ ಮಿಷನ್ ಶುರು ಮಾಡಿತು. ಬೆಂಗಳೂರಿನಲ್ಲಿ ನ್ಯಾನೋ ಸಮ್ಮೇಳನ ನಡೆಯುತ್ತದೆ, ಮಂತ್ರಿಗಳು ಬರುತ್ತಾರೆ, ಪತ್ರಿಕೆಯಲ್ಲಿ ಚಿತ್ರ ಬರುತ್ತದೆ. ಒಳ್ಳೆಯದೇ. ಕೊಡಗಿನ ಪಿಯು ಕಾಲೇಜಿನ ಲ್ಯಾಬಿಗೆ ಅದರಲ್ಲಿ ಏನು ಬಂತು ಎಂದು ಹುಡುಕಿದರೆ ನನಗೆ ಏನೂ ಕಾಣಿಸಲ್ಲ.

ರೈತರಿಗೆ ನಿಜವಾಗಿ ಬೇಕಾದ ಕೆಲಸವೂ ಬೆಂಗಳೂರಿನಲ್ಲಿ ಆಗಿದೆ. ಪೇರಳೆ ಹಣ್ಣಿನ ನೊಣವನ್ನು ಹಿಡಿಯಲು ಮೀಥೈಲ್ ಯೂಜಿನಾಲ್ ಎಂಬ ಆಕರ್ಷಕವನ್ನು ಬಲೆಯಲ್ಲಿ ಇಡುತ್ತಾರೆ. ಅದು ಬೇಗ ಆರಿಹೋಗುತ್ತದೆ. ಹೆಬ್ಬಾಳದ ಕೃಷಿ ಕೀಟ ಸಂಸ್ಥೆ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯವರು ಸೇರಿ ಅದನ್ನು ನ್ಯಾನೋ ಜೆಲ್‌ನಲ್ಲಿ ಕಟ್ಟಿಹಾಕಿದರು. ಆಗ ಅದು ನಿಧಾನವಾಗಿ ಬಿಡುತ್ತದೆ, ಮಳೆ ಬಿಸಿಲಿನಲ್ಲೂ ಹೆಚ್ಚು ದಿನ ಬಾಳುತ್ತದೆ. 2013ರಲ್ಲಿ ಅದರ ಬಗ್ಗೆ ಪ್ರಬಂಧ ಬಂತು. ನಮ್ಮ ಅರೇಬಿಕಾ ತೋಟಗಳನ್ನು ತಿಂದು ಹಾಕಿದ ಬಿಳಿ ಕಾಂಡಕೊರಕಕ್ಕೂ ಫೆರೊಮೋನ್ ಬಲೆ, ಅಂದರೆ ಕೀಟವನ್ನು ವಾಸನೆಯಿಂದ ಸೆಳೆಯುವ ಬಲೆ ಇದೆ. ಅದರಲ್ಲಿ ಇಂಥ ಜೆಲ್ ಬಳಸುವ ಕೆಲಸ ಎಲ್ಲಿಯವರೆಗೆ ಬಂದಿದೆ ಎಂದು ಬೆಳೆಗಾರರ ಸಭೆಯಲ್ಲಿ ಯಾರಾದರೂ ಬಂದು ಹೇಳಬೇಕಲ್ವಾ? ಕಾಂಡಕೊರಕ ಹೊಕ್ಕ ಗಿಡವನ್ನು ಕಿತ್ತು ಸುಡುವ ಮನೆಯವರಿಗೆ ಆ ಮಾಹಿತಿ ಎಷ್ಟು ಮುಖ್ಯ ಎಂದು ಬೇರೆ ಹೇಳಬೇಕಾಗಿಲ್ಲ.

ಕುಡಿಯುವ ನೀರಿನ ಮಾತೂ ಹಾಗೆಯೇ. ಮದ್ರಾಸ್ ಐಐಟಿಯ ಟಿ. ಪ್ರದೀಪ್ ಅವರ ತಂಡ, ಎಂಡೋಸಲ್ಫಾನ್, ಮಲಾಥಿಯಾನ್, ಕ್ಲೋರ್‌ಪೈರಿಫಾಸ್‌ನಂಥ ಕೀಟನಾಶಕಗಳನ್ನು ನೀರಿನಿಂದ ತೆಗೆಯಲು ಬೆಳ್ಳಿ, ಚಿನ್ನದ ನ್ಯಾನೋ ಕಣಗಳು ಕೆಲಸ ಮಾಡುತ್ತವೆ ಎಂದು ತೋರಿಸಿತು. ಬೆಳ್ಳಿಯ ಕಣ ಇರುವ ಫಿಲ್ಟರ್ ಮಾರುಕಟ್ಟೆಗೂ ಬಂತು. 2009ರಲ್ಲಿ ಬಂದ ಟಾಟಾ ಸ್ವಚ್ಛ್ ಫಿಲ್ಟರ್‌ನಲ್ಲಿ ಭತ್ತದ ಉಮಿಯ ಬೂದಿಗೆ ಬೆಳ್ಳಿಯ ನ್ಯಾನೋ ಕಣ ಕೂರಿಸಿದ್ದರು. ಉಮಿ! ನಮ್ಮ ಗದ್ದೆ ಬದಿಯ ಮಿಲ್ಲುಗಳಲ್ಲಿ ರಾಶಿ ಬೀಳುವ ಉಮಿ. ತೋಟಕ್ಕೆ ಕ್ಲೋರ್‌ಪೈರಿಫಾಸ್ ಹೊಡೆದು, ಅದೇ ಇಳಿಜಾರಿನ ಕೆಳಗಿನ ಬಾವಿ ನೀರು ಕುಡಿಯುವವರು ಈ ಜಿಲ್ಲೆಯಲ್ಲಿ ಎಷ್ಟೋ ಜನ ಇದ್ದಾರೆ. ಆ ಬಾವಿ ನೀರಿನಲ್ಲಿ ಏನಿದೆ, ಅದನ್ನು ಹೇಗೆ ತೆಗೆಯುವುದು ಎನ್ನುವುದು ನಮ್ಮ ಕಾಲೇಜುಗಳಿಗೆ ಸಿದ್ಧವಾಗಿ ಸಿಕ್ಕ ಸಂಶೋಧನೆಯ ವಿಷಯ.

ಜಿಲ್ಲೆಯಲ್ಲಿ ಜಾಗಕ್ಕೆ ಏನು ಕಮ್ಮಿ? ಚೆಟ್ಟಳ್ಳಿಯಲ್ಲಿ ಕಾಫಿ ಸಂಶೋಧನಾ ಉಪಕೇಂದ್ರ 1946ರಿಂದ ಇದೆ, ತೋಟಗಾರಿಕೆ ಪ್ರಯೋಗ ಕೇಂದ್ರವೂ ಅಲ್ಲೇ ಇದೆ. ಅಪ್ಪಂಗಳದಲ್ಲಿ ಸಾಂಬಾರ ಬೆಳೆಗಳ ಕೇಂದ್ರ, ಪೊನ್ನಂಪೇಟೆಯಲ್ಲಿ ಅರಣ್ಯ ಕಾಲೇಜು, ಕುಶಾಲನಗರದಲ್ಲಿ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು, ಮಡಿಕೇರಿಯಲ್ಲಿ ವೈದ್ಯಕೀಯ ಕಾಲೇಜು, ಚಿಕ್ಕ ಅಳುವಾರದಲ್ಲಿ ವಿಶ್ವವಿದ್ಯಾಲಯ. ಆ ವಿಶ್ವವಿದ್ಯಾಲಯ ಉಳಿಯುತ್ತದೋ ಇಲ್ಲವೋ ಎಂಬ ಮಾತು ಬಂದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ನನ್ನ ಒಬ್ಬ ವಿದ್ಯಾರ್ಥಿನಿ ಲೈನ್ ಮನೆಯ ಹುಡುಗಿ. ಅಪ್ಪ ಅಮ್ಮ ಇಬ್ಬರೂ ತೋಟದ ಕೆಲಸ. ಹತ್ತಿರದಲ್ಲೇ ಎಂಎಸ್ಸಿ ಸಿಕ್ಕಿದ್ದರಿಂದ ಓದಿದಳು, ಬೆಂಗಳೂರಿಗೆ ಕಳಿಸುವ ಶಕ್ತಿ ಮನೆಯವರಿಗೆ ಇರಲಿಲ್ಲ. ಈಗ ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಇದೇ ಕ್ಷೇತ್ರದಲ್ಲಿ ಕೆಲಸ ಮಾಡುತ್ತಾಳೆ. ದೂಳು ಬರದ ಹಾಗೆ ಕಾಯುವ ಕ್ಲೀನ್ ರೂಮ್ ಒಳಗೆ ಮೈ ಪೂರ್ತಿ ಮುಚ್ಚುವ ಬಟ್ಟೆ ಹಾಕಿಕೊಂಡು ಹೋಗಬೇಕಂತೆ. ಎಲೆಕ್ಟ್ರಾನಿಕ್ ಚಿಪ್ ಮೇಲೆ ನಕ್ಷೆ ಮೂಡಿಸುವ ಕೋಣೆಯಲ್ಲಿ ಬೆಳಕೆಲ್ಲ ಹಳದಿ. ಅಲ್ಲಿ ಬಳಸುವ ಲೇಪನಕ್ಕೆ ನೀಲಿ ಬೆಳಕು, ನೇರಳಾತೀತ ಬೆಳಕು ತಾಗಿದರೆ ಕೆಲಸ ಕೆಡುತ್ತದೆ, ಅದಕ್ಕೆ ಹಳದಿ ದೀಪ. "ಮ್ಯಾಮ್, ದಿನಾ ಸಂಜೆಗತ್ತಲಲ್ಲಿ ಕೆಲಸ ಮಾಡಿದ ಹಾಗೆ ಇರುತ್ತೆ" ಎಂದು ಫೋನಿನಲ್ಲಿ ಹೇಳಿದಳು. ಅವಳು ಓದುವಾಗ ಕಲಾಯ್ಡ್ ಪಾಠ ಇತ್ತು. ಟಿಂಡಾಲ್ ಪರಿಣಾಮ ತೋರಿಸಲು ಬಾ ಎಂದರೆ ಟಾರ್ಚ್ ಹಿಡಿದು ಮೊದಲು ಎದ್ದು ಬರುತ್ತಿದ್ದವಳು ಅವಳೇ.

ಪಾಠ ವಾಪಸ್ ಬರಲು ವರ್ಷಗಳೇ ಬೇಕಾಗಬಹುದು. ಅಲ್ಲಿಯವರೆಗೆ ಸುಮ್ನೆ ಕೂರಬೇಕಾಗಿಲ್ಲ. ಪಿಯು ಲ್ಯಾಬಿನಲ್ಲೇ ಇರುವ ಸಾಮಾನಿನಿಂದ ಒಂದು ಪ್ರಯೋಗ ಮಾಡಬಹುದು. ಕ್ಲೋರೈಡ್ ಪರೀಕ್ಷೆಗೆ ಬಳಸುವ ಸಿಲ್ವರ್ ನೈಟ್ರೇಟ್ ಎಲ್ಲ ಕಾಲೇಜುಗಳಲ್ಲೂ ಇರುತ್ತದೆ. ಅದರ 0.17 ಗ್ರಾಂ ಅನ್ನು ಒಂದು ಲೀಟರ್ ಡಿಸ್ಟಿಲ್ಡ್ ನೀರಿಗೆ ಹಾಕಿದರೆ ಸಾಕು. ಪೇರಳೆ ಎಲೆಯನ್ನೋ ತುಳಸಿಯನ್ನೋ ಡಿಸ್ಟಿಲ್ಡ್ ನೀರಿನಲ್ಲಿ ಕುದಿಸಿ ಸೋಸಿ, ಆ ರಸ ಸ್ವಲ್ಪ ಸೇರಿಸಬೇಕು. ಎಲೆಯಲ್ಲಿರುವ ಪದಾರ್ಥಗಳು ಬೆಳ್ಳಿಯ ಅಯಾನುಗಳನ್ನು ಬೆಳ್ಳಿ ಮಾಡುತ್ತವೆ, ಕಣಗಳು ಒಂದಕ್ಕೊಂದು ಅಂಟಿಕೊಳ್ಳದ ಹಾಗೆ ಸುತ್ತ ನಿಲ್ಲುತ್ತವೆ. ದ್ರಾವಣ ನಿಧಾನವಾಗಿ ಹಳದಿ, ಆಮೇಲೆ ಕಂದು ಆಗುತ್ತದೆ. ಲೇಸರ್ ಟಾರ್ಚ್ ಹಾಯಿಸಿದರೆ ಬೆಳಕಿನ ಗೆರೆ ಕಾಣುತ್ತದೆ. ಸಿಲ್ವರ್ ನೈಟ್ರೇಟ್ ದ್ರಾವಣದಲ್ಲಿ ಮಾತ್ರ ಹಾಯಿಸಿದರೆ ಕಾಣಲ್ಲ. ಬರೀ ಎಲೆಯ ರಸವನ್ನೂ ನೀರು ಬೆರೆಸಿ ಪಕ್ಕದಲ್ಲಿ ಇಟ್ಟು ಹೋಲಿಸಬೇಕು, ಇಲ್ಲದಿದ್ದರೆ ಯಾವುದು ಎಲೆಯದು, ಯಾವುದು ಬೆಳ್ಳಿಯದು ಎಂದು ಗೊತ್ತಾಗಲ್ಲ. ಮಳೆಗಾಲದ ಕಕ್ಕಡ ತಿಂಗಳಲ್ಲಿ, ನಾವು ಔಷಧಿಯೆಂದು ತಿನ್ನುವ ಮದ್ದು ಸೊಪ್ಪು ಸಿಗುವಾಗ ಅದರಿಂದಲೂ ಮಾಡಿ ನೋಡಲಿ. ಅದರ ನೇರಳೆ ಬಣ್ಣ ಅಡ್ಡ ಬರುತ್ತದೆ. ಅದನ್ನು ಹೇಗೆ ಬಿಡಿಸಿ ನೋಡುವುದು ಎಂದು ಮಕ್ಕಳೇ ತಲೆ ಕೆಡಿಸಿಕೊಳ್ಳಲಿ, ಸಂಶೋಧನೆ ಅಂದರೆ ಅದೇ ಅಲ್ವಾ. ಕೈಗೆ ಗ್ಲೌಸ್ ಇರಲಿ, ಸಿಲ್ವರ್ ನೈಟ್ರೇಟ್ ತಾಗಿದರೆ ಬೆರಳು ಕಪ್ಪಾಗುತ್ತದೆ. ಲೇಸರ್ ಯಾರ ಕಣ್ಣಿಗೂ ಬೀಳಬಾರದು.

ಪ್ರಯೋಗ ಮುಗಿದ ಮೇಲೆ ಉಳಿದದ್ದನ್ನು ಸಿಂಕ್‌ಗೆ ಸುರಿಯಬಾರದು. ಇದನ್ನು ಒತ್ತಿ ಹೇಳುತ್ತೇನೆ. ಬೆಳ್ಳಿ ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆ, ಫಿಲ್ಟರ್‌ನಲ್ಲಿ ಅದು ಕೆಲಸಕ್ಕೆ ಬರುವುದೂ ಅದಕ್ಕೇ. ತೋಡಿಗೆ ಹೋದರೆ ಅಲ್ಲಿನ ಸಣ್ಣ ಜೀವಿಗಳಿಗೂ ಮೀನಿಗೂ ಅದೇ ವಿಷ. ನಮ್ಮ ತೋಡುಗಳ ನೀರು ಬಹುಪಾಲು ಕಾವೇರಿಗೆ ಸೇರುತ್ತದೆ. ಉಳಿದ ದ್ರಾವಣವನ್ನು ಒಂದು ಡಬ್ಬದಲ್ಲಿ ಸೇರಿಸಿ ಉಪ್ಪು ಹಾಕಿದರೆ ಬೆಳ್ಳಿಯ ಅಯಾನು ಸಿಲ್ವರ್ ಕ್ಲೋರೈಡ್ ಆಗಿ ತಳಕ್ಕೆ ಇಳಿಯುತ್ತದೆ, ಕಣಗಳೂ ಒಟ್ಟುಗೂಡಿ ಕೂರುತ್ತವೆ. ಅದನ್ನು ಸೋಸಿ ತೆಗೆದಿಡಬೇಕು. ಒಂದು ವಸ್ತುವನ್ನು ಮಾಡುವುದರ ಜೊತೆ ಅದನ್ನು ಎಲ್ಲಿ ಬಿಡಬಾರದು ಎಂದೂ ಮಗು ಅದೇ ದಿನ ಕಲಿಯಬೇಕು. ದೊಡ್ಡವರಿಗೂ ನಿಯಮ ಇದೆ. ನ್ಯಾನೋ ಗೊಬ್ಬರ, ನ್ಯಾನೋ ಕೀಟನಾಶಕ, ಆಹಾರ ಪದಾರ್ಥಗಳನ್ನು ಹೇಗೆ ಪರೀಕ್ಷಿಸಬೇಕು ಎಂದು ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ 2020ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಅದರ ಸಾರ ಕನ್ನಡದಲ್ಲಿ ನಮ್ಮ ರೈತ ಸಂಪರ್ಕ ಕೇಂದ್ರಗಳ ಗೋಡೆಯ ಮೇಲೆ ಇರಬೇಕು. ಅಂಗಡಿಯ ಪೋಸ್ಟರ್ ಮಾತ್ರ ಇದ್ದರೆ ಸಾಲದು.

ನನ್ನ ಕೇಳಿಕೆ ಇಷ್ಟೇ. ಪಿಯು ಇಲಾಖೆಯವರು ಕಲಾಯ್ಡ್ ಭಾಗವನ್ನು, ಪರೀಕ್ಷೆಗೆ ಇಲ್ಲದಿದ್ದರೂ ಪರವಾಗಿಲ್ಲ, ಒಂದು ಪ್ರಯೋಗದ ರೂಪದಲ್ಲಾದರೂ ವಾಪಸ್ ತರಲಿ. ಚಳ್ಳಕೆರೆಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು ವಿಜ್ಞಾನ ಶಿಕ್ಷಕರಿಗೆ ತರಬೇತಿ ಕೊಡುತ್ತಾರೆ. ಕೊಡಗಿನ ಉಪನ್ಯಾಸಕರನ್ನೂ ಅಲ್ಲಿಗೆ ಕಳಿಸಲಿ, ಆ ದಿನಗಳನ್ನು ಕೆಲಸದ ದಿನವೆಂದೇ ಲೆಕ್ಕ ಹಿಡಿಯಲಿ. ಹೊರಗಿನ ಕಾಲೇಜಿನವರಿಗೂ ದೊಡ್ಡ ಲ್ಯಾಬ್ ಬಳಸಲು ಅವಕಾಶ ಕೊಡುವ ನ್ಯಾನೋಎಲೆಕ್ಟ್ರಾನಿಕ್ಸ್ ಕಾರ್ಯಕ್ರಮ ಅದೇ ಸಂಸ್ಥೆಯಲ್ಲಿ ವರ್ಷಗಳಿಂದ ಇದೆ. ಕುಶಾಲನಗರ, ಪೊನ್ನಂಪೇಟೆಯ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಅರ್ಜಿ ಹಾಕುವ ಹಾಗೆ ಅವರ ಮೇಷ್ಟ್ರುಗಳು ಹಿಂದೆ ಬಿದ್ದು ಮಾಡಿಸಲಿ.

ಕಾಫಿ ಮಂಡಳಿಯವರಲ್ಲಿ ಒಂದು ವಿಶೇಷ ಮನವಿ. ನ್ಯಾನೋ ಗೊಬ್ಬರವನ್ನು ರೊಬಸ್ಟಾ, ಅರೇಬಿಕಾ ಎರಡರ ಮೇಲೂ, ಇದೇ ಜಿಲ್ಲೆಯ ತೋಟಗಳಲ್ಲಿ, ಹೂ ಮಳೆಯಿಂದ ಕೊಯ್ಲಿನವರೆಗೆ ಕೆಲವು ವರ್ಷ ಹಾಕಿ ನೋಡಲಿ. ಬುಡಕ್ಕೆ ಯೂರಿಯಾ ಹಾಕಿದ ಗಿಡ, ಎಲೆಗೆ ಮಾಮೂಲು ಯೂರಿಯಾ ನೀರು ಹೊಡೆದ ಗಿಡ, ನ್ಯಾನೋ ಹೊಡೆದ ಗಿಡ, ಏನೂ ಹಾಕದ ಗಿಡ, ನಾಲ್ಕನ್ನೂ ಪಕ್ಕಪಕ್ಕ ಇಟ್ಟು ಅಳೆಯಲಿ. ಎರಡನೆಯದು ಬಹಳ ಮುಖ್ಯ, ಅದಿಲ್ಲದಿದ್ದರೆ ಲಾಭ ಬಂದದ್ದು ನ್ಯಾನೋದಿಂದಲೋ ಎಲೆಗೆ ಹೊಡೆದದ್ದರಿಂದಲೋ ತಿಳಿಯಲ್ಲ. ಕಾಳುಮೆಣಸಿಗೂ ಹೀಗೆಯೇ ಮಾಡಲಿ. ಫಲಿತಾಂಶ ಒಳ್ಳೆಯದಿರಲಿ, ಕೆಟ್ಟದಿರಲಿ, ಕನ್ನಡದಲ್ಲಿ ಅಚ್ಚು ಹಾಕಿ ಹಂಚಲಿ. ಅಷ್ಟು ದಿನ ಬೆಳೆಗಾರರು ಇಡೀ ತೋಟಕ್ಕೆ ಹೊಡೆಯದೆ ಒಂದು ಸಾಲಿಗೆ ಮಾತ್ರ ಹೊಡೆದು, ಪಕ್ಕದ ಸಾಲನ್ನು ಹಾಗೇ ಬಿಟ್ಟು, ಎರಡರ ಹಣ್ಣನ್ನೂ ಬೇರೆ ಬೇರೆ ತೂಗಿ ಬರೆದಿಡಲಿ. ಮನೆಯಲ್ಲಿ ಪಿಯುಸಿ ಓದುವ ಮಗು ಇದ್ದರೆ ಆ ಲೆಕ್ಕದ ಪುಸ್ತಕ ಅವರ ಕೈಗೆ ಕೊಡಿ.

ನಮ್ಮ ತಾಲ್ಲೂಕಿನ ಯಾವ ಕಾಲೇಜಿನವರೇ ಆಗಲಿ, ಸರ್ಕಾರಿಯೋ ಖಾಸಗಿಯೋ, ಬೆಳ್ಳಿಯ ಪ್ರಯೋಗ ಮಾಡಿಸಲು ಕರೆದರೆ ನಾನು ಬರುತ್ತೇನೆ. ಶನಿವಾರ ಮಧ್ಯಾಹ್ನ ಆದರೆ ಒಳ್ಳೆಯದು. ಸಿಲ್ವರ್ ನೈಟ್ರೇಟ್, ಲೇಸರ್ ಟಾರ್ಚ್ ನಾನೇ ತರುತ್ತೇನೆ. ಡಿಸ್ಟಿಲ್ಡ್ ನೀರು, ಬೀಕರ್ ಮತ್ತು ಕಿಟಕಿ ಮುಚ್ಚಿ ಕತ್ತಲೆ ಮಾಡಬಹುದಾದ ಒಂದು ಕೋಣೆ ಕಾಲೇಜಿನವರು ಕೊಟ್ಟರೆ ಆಯಿತು. ವಿಳಾಸ ಪತ್ರಿಕೆಯ ಕಚೇರಿಯಲ್ಲಿ ಕೊಟ್ಟಿದ್ದೇನೆ.

ಇತಿ,
ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕಿ,
ವಿರಾಜಪೇಟೆ ತಾಲ್ಲೂಕು, ಕೊಡಗು